ಊರಿಗೊಬ್ಬ ಗಿರಣಿಯವ: ಜರ್ಮನಿಯಲ್ಲಿ ಇಷ್ಟೊಂದು ಮುಲ್ಲರ್‌ಗಳು ಯಾಕೆ?

ಪ್ರಶ್ನೆ: ನಾನು ಮಂಗಳೂರಿನವಳು. ಈಗ ಬೆಂಗಳೂರಿನಲ್ಲಿ ಒಂದು ಜರ್ಮನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ತಂಡದಲ್ಲಿ ಇಬ್ಬರು ಮುಲ್ಲರ್ ಇದ್ದಾರೆ. ಒಬ್ಬರು ಮ್ಯೂನಿಕ್‌ನವರು, ಇನ್ನೊಬ್ಬರು ಹ್ಯಾಂಬರ್ಗ್‌ನವರು. ಸಂಬಂಧ ಏನೂ ಇಲ್ಲವಂತೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ನನಗೆ ಚಿಕ್ಕಂದಿನಿಂದ ಗೊತ್ತು. ಶಾಲೆಯಲ್ಲಿ ಮ್ಯಾಕ್ಸ್ ಮುಲ್ಲರ್ ಬಗ್ಗೆ ಓದಿದ್ದೆವು. ಅಣ್ಣನಿಗೆ ಫುಟ್‌ಬಾಲಿನ ಥಾಮಸ್ ಮುಲ್ಲರ್ ಅಂದರೆ ಪ್ರಾಣ. ಇವರೆಲ್ಲ ಒಂದೇ ಮನೆತನದವರಾ? ಮುಲ್ಲರ್ ಅಂದರೆ ಹಿಟ್ಟಿನ ಗಿರಣಿಯವನು ಅಂತ ಕೇಳಿದೆ. ಹಾಗಾದರೆ ನಮ್ಮ ಗಾಣಿಗ, ಕಮ್ಮಾರ ಇದ್ದ ಹಾಗೆ ಅದೂ ಒಂದು ಜಾತಿನಾ? ಇನ್ನೊಂದು ಸಣ್ಣ ಪ್ರಶ್ನೆ: ಇವರಿಗೆ ಟಿಕೆಟ್ ಬುಕ್ ಮಾಡುವಾಗ ಹೆಸರಿನ ಸ್ಪೆಲಿಂಗ್ ಪ್ರತಿ ಸಲ ತಲೆನೋವು. ಯಾವುದು ಸರಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಒಂದೇ ಮನೆತನ ಅಲ್ಲ. ಜಾತಿಯೂ ಅಲ್ಲ. ಮೊದಲನೆಯದು ಸುಲಭವಾಗಿ ಅರ್ಥವಾಗುವ ವಿಷಯ. ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅಲ್ಲೂ ಗಿರಣಿಯವರ ಮಕ್ಕಳನ್ನು ದೂರ ಇಟ್ಟ ಕಾಲ ಒಂದಿತ್ತು. ಸ್ಪೆಲಿಂಗ್ ವಿಷಯ ಕೊನೆಗೆ ಬರುತ್ತೇನೆ. ಅದಕ್ಕೆ ನಿಮ್ಮ ಮಂಗಳೂರು ಮತ್ತು ಈಗಿನ ನಿಮ್ಮ ಬೆಂಗಳೂರು ಎರಡೂ ಬೇಕಾಗುತ್ತವೆ.

ಗಿರಣಿಗೆ ಜರ್ಮನ್ ಭಾಷೆಯಲ್ಲಿ 'ಮ್ಯೂಲೆ' ಅನ್ನುತ್ತಾರೆ. ಅದನ್ನು ನಡೆಸುವವನು ಮುಲ್ಲರ್. ಮಾತಿನ ಮೂಲ ಲ್ಯಾಟಿನ್. ನೀರಿನಿಂದ ತಿರುಗುವ ಗಿರಣಿಯನ್ನು ರೋಮನ್ನರು ರೈನ್ ನದಿಯ ಕಡೆಗೆ ತಂದರು, ಯಂತ್ರದ ಜತೆಗೆ ಹೆಸರೂ ಬಂತು. ನಮ್ಮ ಹಳ್ಳಿಗಳಲ್ಲಿ 'ಮಿಲ್ಲಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬಾ' ಅನ್ನುವಾಗ ಇಂಗ್ಲಿಷ್ ಮಾತು ಬಂದ ಹಾಗೆಯೇ. ಒಂದೇ ಮೂಲದಿಂದ ಇಟಲಿಯಲ್ಲಿ ಮೊಲಿನಾರಿ, ಹಂಗೇರಿಯಲ್ಲಿ ಮೊಲ್ನಾರ್, ಫ್ರಾನ್ಸಿನಲ್ಲಿ ಮ್ಯೊನಿಯೇ, ಹಾಲೆಂಡಿನಲ್ಲಿ ಮುಲ್ಡರ್ ಆಗಿವೆ. ಇವೆಲ್ಲವೂ ಇವತ್ತು ಮನೆತನದ ಹೆಸರುಗಳು.

ಹೆಸರು ಅಂಟಿಕೊಂಡದ್ದು ಹೇಗೆ ಅನ್ನುವುದನ್ನು ನೋಡೋಣ. ಸುಮಾರು 12ನೇ ಶತಮಾನದವರೆಗೆ ಜರ್ಮನ್ ನಾಡಿನಲ್ಲಿ ಹೆಚ್ಚಿನವರಿಗೆ ಇದ್ದದ್ದು ಒಂದೇ ಹೆಸರು. ಹೈನ್‌ರಿಷ್, ಕೊನ್‌ರಾಡ್, ಯೊಹಾನ್. ಪಟ್ಟಣಗಳು ಬೆಳೆದವು. ತೆರಿಗೆ ಲೆಕ್ಕ, ಜಮೀನಿನ ಪತ್ರ, ಸಾಲದ ಪತ್ರ ಬರೆಯುವುದು ಜಾಸ್ತಿ ಆಯಿತು. ಒಂದೇ ಬೀದಿಯಲ್ಲಿ ಐದು ಜನ ಯೊಹಾನ್ ಇದ್ದರೆ ಲೆಕ್ಕ ಬರೆಯುವವನು ಏನು ಮಾಡಬೇಕು? 'ಗಿರಣಿಯ ಯೊಹಾನ್' ಎಂದು ಬರೆದ. ಮೊದಲಿಗೆ ಅದು ಬರೀ ಗುರುತು. ಯೊಹಾನ್ ಸತ್ತ, ಮಗ ಬೇಕರಿ ಇಟ್ಟ. ಆದರೆ ಪುಸ್ತಕದಲ್ಲಿ ಮಗನ ಹೆಸರಿನ ಮುಂದೆಯೂ ಅದೇ ಗುರುತು ಬಂತು. ಆ ಗಳಿಗೆಯಲ್ಲಿ ಕಸುಬಿನ ಹೆಸರು ಮನೆಯ ಹೆಸರಾಯಿತು. ಇದು ಒಂದೇ ದಿನ ಎಲ್ಲ ಕಡೆ ಆಗಲಿಲ್ಲ. ದಕ್ಷಿಣ ಮತ್ತು ಪಶ್ಚಿಮದ ಪಟ್ಟಣಗಳಲ್ಲಿ ಮೊದಲು, ಹಳ್ಳಿಗಳಲ್ಲಿ ನಿಧಾನವಾಗಿ. ಉತ್ತರದ ಕಡಲತಡಿಯ ಫ್ರೀಸ್‌ಲಾಂಡ್ ಕಡೆ ಅಪ್ಪನ ಹೆಸರನ್ನೇ ಹಿಂದೆ ಇಟ್ಟುಕೊಳ್ಳುವ ರೂಢಿ 1811ರವರೆಗೂ ಇತ್ತು. ಆ ವರ್ಷ ನೆಪೋಲಿಯನ್, ಎಲ್ಲರೂ ಒಂದು ಖಾಯಂ ಮನೆತನದ ಹೆಸರು ಇಟ್ಟುಕೊಳ್ಳಬೇಕು ಎಂದು ಹುಕುಂ ಹೊರಡಿಸಿದ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆ ಫ್ರೀಸ್‌ಲಾಂಡಿನ ಪೂರ್ವ ಭಾಗದ ರೆಸ್ಟರ್‌ಹಾಫೆ ಅನ್ನುವ ಊರಿನಲ್ಲೇ 1832ರಲ್ಲಿ ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು. ನಮಗೆ 1894ರಲ್ಲಿ ಆ ದೊಡ್ಡ ನಿಘಂಟು ಕೊಟ್ಟವರು. ಕಿಟೆಲ್ ಅಂದರೆ ಕೆಲಸ ಮಾಡುವಾಗ ಮೇಲೆ ಹಾಕಿಕೊಳ್ಳುವ ಸಡಿಲವಾದ ಉದ್ದ ಅಂಗಿ. ಅಂಥ ಅಂಗಿ ಹೊಲಿಯುವವರಿಗೋ, ಸದಾ ಅದನ್ನೇ ತೊಡುವವರಿಗೋ ಬಂದ ಹೆಸರು. ನಮ್ಮ ಭಾಷೆಯ ಲಕ್ಷಾಂತರ ಪುಟಗಳನ್ನು ತಿರುವಿ ಹಾಕಿದವರ ಹೆಸರಿನಲ್ಲಿ ಒಬ್ಬ ಕೂಲಿಯವನ ಅಂಗಿ ಇದೆ ಅಂತ ನೆನೆದಾಗೆಲ್ಲ ನನಗೆ ಸಂತೋಷವಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಮುಲ್ಲರ್. ನೂರಕ್ಕೆ ಸುಮಾರು ಒಬ್ಬರು. ಸ್ವಿಟ್ಜರ್ಲೆಂಡಿನಲ್ಲೂ ಇದೇ ಮೊದಲು. ಆದರೆ ಒಂದು ಹಳ್ಳಿಯಲ್ಲಿ ಗಿರಣಿ ಎಷ್ಟಿರುತ್ತಿತ್ತು? ಒಂದು. ಹಳ್ಳ ದೊಡ್ಡದಿದ್ದರೆ ಎರಡು. ಇಷ್ಟು ಕಡಿಮೆ ಇದ್ದವರ ಹೆಸರು ಇಷ್ಟು ಜಾಸ್ತಿ ಆದದ್ದು ವಿಚಿತ್ರ ಅಲ್ವಾ?

ಗುಟ್ಟು ಇರುವುದು ಆ 'ಒಂದು' ಅನ್ನುವುದರಲ್ಲೇ. ಊರಲ್ಲಿ ಎಲ್ಲರೂ ರೈತರು. ಅಲ್ಲಿ ಒಬ್ಬನನ್ನು 'ರೈತ' ಎಂದು ಕರೆದರೆ ಯಾರು ಅಂತ ಗೊತ್ತಾಗುವುದಿಲ್ಲ. 'ಗಿರಣಿಯವನು' ಅಂದರೆ ತಕ್ಷಣ ಗೊತ್ತಾಗುತ್ತದೆ, ಊರಿಗೆ ಅವನೊಬ್ಬನೇ. ಅದಕ್ಕೇ ಬಹುಪಾಲು ಜನ ಹೊಲ ಉಳುತ್ತಿದ್ದ ನಾಡಿನಲ್ಲಿ ರೈತ ಎಂಬ ಅರ್ಥದ 'ಬೌವರ್' ಹೆಸರು ಮುಲ್ಲರ್‌ಗಿಂತ ಎಷ್ಟೋ ಹಿಂದೆ ಉಳಿದಿದೆ. ಸಾವಿರಾರು ಹಳ್ಳಿಗಳು, ಪ್ರತಿಯೊಂದರಲ್ಲೂ ಒಬ್ಬೊಬ್ಬ ಗಿರಣಿಯವನು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಅದೇ ಹೆಸರು ಬಂತು. ಕಮ್ಮಾರನ ವಿಷಯದಲ್ಲೂ ಹೀಗೇ ಆಯಿತು, ಆದರೆ ಆ ಹೆಸರು ಷ್ಮಿಟ್, ಷ್ಮಿತ್ಸ್, ಷ್ಮೀಡ್ ಎಂದು ಹಲವು ಕಾಗುಣಿತಗಳಲ್ಲಿ ಹಂಚಿಹೋಯಿತು. ಮುಲ್ಲರ್ ಹೆಚ್ಚಿನ ಕಡೆ ಒಂದೇ ರೂಪದಲ್ಲಿ ನಿಂತಿತು. ನಿಮ್ಮ ಮ್ಯೂನಿಕ್‌ನ ಮುಲ್ಲರ್ ಮತ್ತು ಹ್ಯಾಂಬರ್ಗ್‌ನ ಮುಲ್ಲರ್ ನಡುವೆ ಇರುವ ಸಂಬಂಧ ಇಷ್ಟೇ. ಇಬ್ಬರ ಹಿಂದೆಯೂ, ಎಲ್ಲೋ ಒಂದು ಹಳ್ಳದ ದಡದಲ್ಲಿ, ಒಂದು ಗಿರಣಿ ಇತ್ತು.

ಆ ಗಿರಣಿ ಹೇಗಿತ್ತು ಅನ್ನುವುದನ್ನು ಕಣ್ಣಾರೆ ನೋಡಿದರೆ ಈ ಹೆಸರಿನ ತೂಕ ಗೊತ್ತಾಗುತ್ತದೆ. ಜರ್ಮನಿಯಲ್ಲಿ 1994ರಿಂದ ಪ್ರತಿ ವರ್ಷ ಪೆಂತಕೋಸ್ತ್ ಹಬ್ಬದ ಮರುದಿನ, ಸೋಮವಾರ, 'ಗಿರಣಿ ದಿನ' ಮಾಡುತ್ತಾರೆ. ಆವತ್ತು ಹಳೆಯ ಗಿರಣಿಗಳನ್ನು ಜನರಿಗೆ ತೆರೆದಿಡುತ್ತಾರೆ. ಅಂಥದೊಂದು ಸೋಮವಾರ ನಾನು ದಕ್ಷಿಣ ಜರ್ಮನಿಯ ಒಂದು ಹಳ್ಳಿಯಲ್ಲಿ ನೀರಿನ ಗಿರಣಿಯೊಳಗೆ ನಿಂತಿದ್ದೆ. ಹೊರಗೆ ದೊಡ್ಡ ಚಕ್ರ. ಒಳಗೆ ಮರದ ಹಲ್ಲುಗಳ ಇನ್ನೊಂದು ಚಕ್ರ. ಮೇಲಿನ ಅಂತಸ್ತಿನಲ್ಲಿ ಎರಡು ಕಲ್ಲು. ನಮ್ಮ ಬೀಸುವ ಕಲ್ಲಿನ ಹಾಗೆಯೇ ಕೆಳಗಿನ ಕಲ್ಲು ಅಲುಗಾಡುವುದಿಲ್ಲ, ಮೇಲಿನದು ತಿರುಗುತ್ತದೆ. ಗೂಟ ಹಿಡಿದ ಕೈಯ ಬದಲು ಅಲ್ಲಿ ಹಳ್ಳದ ನೀರು. ಮೇಲಿನ ಕಲ್ಲಿಗೆ ಅವರು 'ಓಡುವವ' ಅನ್ನುತ್ತಾರೆ, ಕೆಳಗಿನದಕ್ಕೆ 'ತಳದ ಕಲ್ಲು'. ಎರಡರ ಮೈ ಮೇಲೂ ಉಳಿಯಿಂದ ಕೊರೆದ ಗೀರುಗಳು. ಗೀರು ಸವೆದರೆ ಹಿಟ್ಟು ಸರಿಯಾಗಿ ಬೀಳುವುದಿಲ್ಲ, ಆಗ ಕಲ್ಲು ಎತ್ತಿ ಮಗುಚಿ ಮತ್ತೆ ಕುಟ್ಟಬೇಕು.

ಗಿರಣಿ ನಡೆಸುತ್ತಿದ್ದ ಹಿರಿಯರು ಬೀಳುತ್ತಿದ್ದ ಹಿಟ್ಟಿಗೆ ಕೈಯೊಡ್ಡಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿದರು. ಏನೂ ಮಾತಾಡಲಿಲ್ಲ. ಒಂದು ತಿರುಪನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿದರು. ಮತ್ತೆ ಉಜ್ಜಿದರು. 'ಬಿಸಿ ಇತ್ತು' ಅಂದರು. ಹಿಟ್ಟು ಬಿಸಿಯಾದರೆ ಕಲ್ಲುಗಳು ತೀರಾ ಹತ್ತಿರ ಬಂದಿವೆ ಎಂದರ್ಥ, ರೊಟ್ಟಿ ಕೆಡುತ್ತದೆ. ಕಾಳು ಸುರಿಯುವ ಮರದ ಆಲಿಕೆಯ ಪಕ್ಕ ಒಂದು ಪುಟ್ಟ ಗಂಟೆ ತೂಗುತ್ತಿತ್ತು. ಅದನ್ನು ತೋರಿಸಿದರು. ಕಾಳಿನ ಭಾರ ಇರುವವರೆಗೆ ಗಂಟೆ ಸುಮ್ನೆ ಇರುತ್ತದೆ. ಕಾಳು ಮುಗಿಯುತ್ತಾ ಬಂದರೆ ಹಿಡಿತ ಬಿಟ್ಟು ಬಡಿದುಕೊಳ್ಳಲು ಶುರು ಮಾಡುತ್ತದೆ. ಯಾಕೆಂದರೆ ನಡುವೆ ಕಾಳಿಲ್ಲದೆ ಎರಡು ಕಲ್ಲು ತಾಗಿದರೆ ಕಿಡಿ ಏಳುತ್ತದೆ. ಗಾಳಿಯ ತುಂಬ ಹಿಟ್ಟಿನ ಧೂಳು, ಸುತ್ತ ಎಲ್ಲಾ ಮರ. ಒಂದು ಕಿಡಿ ಸಾಕು, ಗಿರಣಿಯೇ ಸುಟ್ಟುಹೋಗುತ್ತದೆ. ಹಗಲು ರಾತ್ರಿ ನೀರು ಹರಿಯುವಾಗ ಹಗಲು ರಾತ್ರಿ ಬೀಸಬೇಕಿತ್ತು. ಗಿರಣಿಯವನು ನಿದ್ದೆಯಲ್ಲೂ ಆ ಗಂಟೆಗೆ ಕಿವಿ ಕೊಟ್ಟಿರುತ್ತಿದ್ದ. ಮುಲ್ಲರ್ ಅನ್ನುವ ಹೆಸರು ಕೇಳಿದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಗಂಟೆ.

ಇಂಥವನು ಊರಿಗೆ ಎಷ್ಟು ಬೇಕಾದವನೋ ಅಷ್ಟೇ ಅನುಮಾನಕ್ಕೂ ಗುರಿಯಾದವನು. ಹಳ್ಳದ ನೀರಿನ ಹಕ್ಕು ಜಮೀನ್ದಾರನದ್ದು ಅಥವಾ ಮಠದ್ದು. ಗಿರಣಿ ಕಟ್ಟಿಸುವವರೂ ಅವರೇ. ನಮ್ಮ ಗಿರಣಿಯಲ್ಲೇ ಬೀಸಿಸಬೇಕು, ಬೇರೆ ಕಡೆ ಹೋಗುವಂತಿಲ್ಲ ಅಂತ ಕಟ್ಟುಪಾಡು. ಪ್ರಷ್ಯಾ ಎಂಬ ಆಗಿನ ಜರ್ಮನ್ ರಾಜ್ಯದಲ್ಲಿ ಇದು ರದ್ದಾದದ್ದು 1810ರಲ್ಲಿ. ಬೀಸಿದ್ದಕ್ಕೆ ದುಡ್ಡಿಲ್ಲ, ಕಾಳಿನಲ್ಲೇ ಪಾಲು. ಸಾಮಾನ್ಯವಾಗಿ ಹದಿನಾರರಲ್ಲಿ ಒಂದು. ಅದನ್ನು ಅಳೆಯುವ ಕೊಳಗದ ಹೆಸರು 'ಮೆಟ್ಸೆ'. ಅಳೆಯುವವನು ಯಾರು? ಗಿರಣಿಯವನೇ. ಒಂದು ಚೀಲ ಗೋಧಿ ಕೊಟ್ಟು ಹಿಟ್ಟು ತರುವ ರೈತನಿಗೆ ಸರಿಯಾಗಿ ವಾಪಸ್ ಬಂತಾ, ಇಲ್ಲವಾ ಅಂತ ತಿಳಿಯಲು ದಾರಿಯೇ ಇಲ್ಲ. ಹಿಟ್ಟು ಧೂಳಾಗಿ ಹಾರುತ್ತದೆ, ತೇವ ಆರುತ್ತದೆ, ಕಲ್ಲಿನ ಸಂದಿಯಲ್ಲಿ ಉಳಿಯುತ್ತದೆ. ಕದಿಯದವನ ಮೇಲೂ ಕಳ್ಳತನದ ಮಾತು ಬರುತ್ತಿತ್ತು. ಈ ಅನುಮಾನದ ಬೇರು ಮನುಷ್ಯನ ಗುಣದಲ್ಲಿ ಇರಲಿಲ್ಲ, ಆ ವ್ಯವಸ್ಥೆಯಲ್ಲೇ ಇತ್ತು ಅಂತ ನಾನು ನಂಬಿದ್ದೇನೆ. ಬೇರೆ ಗಿರಣಿಗೆ ಹೋಗುವ ಸ್ವಾತಂತ್ರ್ಯ ಇಲ್ಲದವನು ಇರುವ ಒಬ್ಬನನ್ನೇ ಬೈಯುತ್ತಾನೆ.

ಆದರೂ ಕಾನೂನು ಗಿರಣಿಯನ್ನು ಬಹಳ ಜೋಪಾನ ಮಾಡಿತ್ತು. 13ನೇ ಶತಮಾನದ ಮೊದಲ ಭಾಗದಲ್ಲಿ ಐಕೆ ಫಾನ್ ರೆಪ್ಗೋ ಎಂಬುವರು ಬರೆದಿಟ್ಟ 'ಜಾಕ್ಸೆನ್‌ಷ್ಪೀಗಲ್' ಎಂಬ ಕಾನೂನು ಗ್ರಂಥ ಇದೆ. ಅದರಲ್ಲಿ ನೇಗಿಲು, ಗಿರಣಿ, ಚರ್ಚು, ಸ್ಮಶಾನ ಇವುಗಳಲ್ಲಿ ದರೋಡೆ ಮಾಡಿದವನಿಗೆ ಒಂದೇ ಘೋರ ಶಿಕ್ಷೆ. ಗಿರಣಿಯನ್ನು ಚರ್ಚಿನ ಸಾಲಿನಲ್ಲಿ ಇಟ್ಟಿದ್ದಾರೆ ನೋಡಿ. ಅದೇ ಗ್ರಂಥದಲ್ಲಿ, ಗಿರಣಿಗೆ ಮೊದಲು ಬಂದವನು ಮೊದಲು ಬೀಸಿಕೊಳ್ಳಲಿ ಎಂಬ ನಿಯಮವೂ ಇದೆ. ಅಲ್ಲಿ ದೊಡ್ಡವರು ಚಿಕ್ಕವರು ಅಂತ ಸಾಲು ಮುರಿಯುವ ಹಾಗಿಲ್ಲ. ಸುಮಾರು 800 ವರ್ಷ ಆಯಿತು, ಜರ್ಮನರು ಈಗಲೂ ಬ್ಯಾಂಕಿನ ಸಾಲಿನಲ್ಲೋ ಪಾರ್ಕಿಂಗ್ ಜಾಗದಲ್ಲೋ 'ಮೊದಲು ಬಂದವನು ಮೊದಲು ಬೀಸುತ್ತಾನೆ' ಅಂತಲೇ ಹೇಳುವುದು. ನಿಮ್ಮ ಸಹೋದ್ಯೋಗಿಗಳ ಬಾಯಲ್ಲಿ ಕೇಳಿಯೇ ಇರುತ್ತೀರಿ.

ಈಗ ಜಾತಿಯ ಮಾತು. ಜರ್ಮನಿಯ ಹಲವು ಊರುಗಳಲ್ಲಿ ಕಸುಬುದಾರರ ಸಂಘಗಳು ಗಿರಣಿಯವರ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗಿರಣಿಯವನ ಮಗ ಅಕ್ಕಸಾಲಿಯ ಕೆಲಸ ಕಲಿಯುತ್ತೇನೆ ಅಂದರೆ ಆಗದು. ಮಾನವಿಲ್ಲದ ಕಸುಬು ಅಂತ ಹೆಸರಿಟ್ಟಿದ್ದರು. ಆ ಪಟ್ಟಿಯಲ್ಲಿ ನಾರುಬಟ್ಟೆ ನೇಯುವವರು, ಕ್ಷೌರಿಕರು, ಕುರುಬರು, ಸುಂಕದವರು, ಕೊಳಲು ತುತ್ತೂರಿ ಊದುವವರು ಕೂಡ ಇದ್ದರು. 1548ರಲ್ಲಿ ಜರ್ಮನ್ ನಾಡುಗಳನ್ನು ಆಳುತ್ತಿದ್ದ ಸಾಮ್ರಾಜ್ಯದ ಕಾಯಿದೆಯೇ ಬಂತು: ಇವರ ಮಕ್ಕಳನ್ನು ಸಂಘಗಳಿಂದ ಹೊರಗಿಡಬಾರದು. 1577ರಲ್ಲಿ ಅದನ್ನೇ ಮತ್ತೆ ಹೇಳಬೇಕಾಯಿತು. ಮತ್ತೆ ಹೇಳಬೇಕಾಯಿತು ಅಂದರೆ ಜನ ಕೇಳಿರಲಿಲ್ಲ ಅಂತ ತಾನೆ. ಇದರಿಂದ ಗಿರಣಿ ಮನೆತನಗಳು ಗಿರಣಿ ಮನೆತನಗಳಲ್ಲೇ ಹೆಣ್ಣು ತಂದು ಕೊಡುವುದು ನಡೆದಿತ್ತು. ಇಷ್ಟು ಓದಿದಾಗ ನಮ್ಮ ಊರುಗಳ ಕತೆ ನೆನಪಾಗುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ, ಅದಕ್ಕೇ ಹೇಳಿದೆ.

ಆದರೆ ಗಮನಿಸಿ, ಈ ಮೈಲಿಗೆ ಅಂಟಿದ್ದು ಕಸುಬಿಗೆ, ಹೆಸರಿಗಲ್ಲ. ಆ ಹೊತ್ತಿಗಾಗಲೇ ಮುಲ್ಲರ್ ಹೆಸರಿನ ಚಮ್ಮಾರರು, ಪಾದ್ರಿಗಳು, ಮೇಷ್ಟ್ರುಗಳು ಎಲ್ಲ ಇದ್ದರು. ಷ್ನೈಡರ್ ಅಂದರೆ ದರ್ಜಿ, ಅವನು ಮೀನು ಹಿಡಿಯುತ್ತಿದ್ದ. ಫಿಷರ್ ಅಂದರೆ ಮೀನುಗಾರ, ಅವನು ಬಟ್ಟೆ ಹೊಲಿಯುತ್ತಿದ್ದ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಮ್ಮಾರ, ಪತ್ತಾರ, ಹೂಗಾರ ಅಂತ ಅಡ್ಡಹೆಸರು ಕೇಳಿದರೆ ಕೇಳುವವರು ಮನಸ್ಸಿನಲ್ಲೇ ಒಂದು ಸಮುದಾಯದ ಲೆಕ್ಕ ಹಾಕಿಬಿಡುತ್ತಾರೆ, ಅಲ್ವಾ? ಜರ್ಮನಿಯಲ್ಲಿ ಮುಲ್ಲರ್ ಅನ್ನುವ ಹೆಸರಿನಿಂದ ಒಬ್ಬರ ಬಗ್ಗೆ ಏನೂ ತಿಳಿಯುವುದಿಲ್ಲ. ಕ್ಯಾಥೊಲಿಕ್ಕರಾ, ಪ್ರೊಟೆಸ್ಟೆಂಟಾ, ಬಡವರಾ, ಶ್ರೀಮಂತರಾ, ಏನೂ ಇಲ್ಲ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದೇ. ಅಲ್ಲಿ ಕಸುಬು ಬಿಟ್ಟವನನ್ನು ಕಸುಬಿನ ಹೆಸರು ಹಿಡಿದಿಟ್ಟುಕೊಳ್ಳಲಿಲ್ಲ.

ಗಾಣಿಗರ ಮಾತು ಎತ್ತಿದಿರಿ. ಎಣ್ಣೆ ಗಾಣ ನಡೆಸುವವನಿಗೂ ಅಲ್ಲಿ ಮುಲ್ಲರ್ ಎಂದೇ ಹೆಸರು, ಮುಂದೆ ಎಣ್ಣೆ ಸೇರಿಸಿ 'ಓಲ್‌ಮುಲ್ಲರ್'. ನೀರಿನ ಚಕ್ರ ಇದ್ದದ್ದೆಲ್ಲ ಅವರಿಗೆ ಗಿರಣಿಯೇ. ಮರ ಕೊಯ್ಯುವವನು ಸೇಗ್‌ಮುಲ್ಲರ್. ಚರ್ಮ ಹದ ಮಾಡಲು ಮರದ ತೊಗಟೆ ಪುಡಿ ಮಾಡುವವನು ಲೋಮುಲ್ಲರ್. ಹಳ್ಳದ ಮೇಲ್ಗಡೆ ಗಿರಣಿ ಇದ್ದವನು ಓಬರ್‌ಮುಲ್ಲರ್, ಹೊಸ ಗಿರಣಿಯವನು ನೊಯ್‌ಮುಲ್ಲರ್. ಉತ್ತರದ ಕಡೆ, ಹ್ಯಾಂಬರ್ಗ್ ಸುತ್ತಮುತ್ತ, ಅದೇ ಹೆಸರು 'ಮೊಲ್ಲರ್' ಎಂಬಂತೆ ಕೇಳುತ್ತದೆ. ಹೆಣ್ಣುಮಕ್ಕಳ ಹೆಸರಿಗೆ ಹಿಂದೆ ಕೊನೆಯಲ್ಲಿ 'ಇನ್' ಸೇರಿಸುತ್ತಿದ್ದರು, ಮುಲ್ಲರಿನ್ ಅಂತ. ನಾವು ಅಗಸಗಿತ್ತಿ, ಗಾಣಗಿತ್ತಿ ಅನ್ನುವ ಹಾಗೆ. 18ನೇ ಶತಮಾನದ ಬರಹಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ, ಆಮೇಲೆ ನಿಂತುಹೋಯಿತು.

ಇನ್ನು ನೀವು ಹೆಸರಿಸಿದ ಮುಲ್ಲರ್‌ಗಳು. ಮ್ಯಾಕ್ಸ್ ಮುಲ್ಲರ್ ಕತೆ ನನಗೆ ಬಹಳ ಇಷ್ಟ. ಹುಟ್ಟಿದ್ದು 1823ರಲ್ಲಿ, ಡೆಸೌ ಪಟ್ಟಣದಲ್ಲಿ. ತಂದೆ ವಿಲ್‌ಹೆಲ್ಮ್ ಮುಲ್ಲರ್ ಕವಿ. ಆ ಕವಿಯ ತಂದೆ ದರ್ಜಿ. ಹೆಸರು ಗಿರಣಿಯವನದ್ದು, ಕಸುಬು ಹೊಲಿಗೆ, ಮಗ ಬರೆದದ್ದು ಕವಿತೆ. ಆ ಕವಿತೆಗಳಲ್ಲಿ ಒಂದು ಗೊಂಚಲು ಗಿರಣಿ ಹುಡುಗನೊಬ್ಬನ ಪ್ರೇಮದ್ದು. ಸಂಗೀತಗಾರ ಷೂಬರ್ಟ್ ಅದಕ್ಕೆ ರಾಗ ಹಾಕಿದ್ದು 1823ರಲ್ಲೇ, ಅಂದರೆ ಮಗ ಹುಟ್ಟಿದ ವರ್ಷ. ಮಗನಿಗೆ ಇಟ್ಟ ಹೆಸರು ಫ್ರೀಡ್‌ರಿಷ್ ಮ್ಯಾಕ್ಸ್. ಮ್ಯಾಕ್ಸ್ ಅನ್ನುವುದು ಆಗಿನ ಪ್ರಸಿದ್ಧ ಸಂಗೀತ ನಾಟಕವೊಂದರ ನಾಯಕನ ಹೆಸರು. ಅದರ ಸಂಗೀತ ಕಟ್ಟಿದವರು ವೇಬರ್, ಅಂದರೆ ನೇಕಾರ! ಮುಂದೆ ಆಕ್ಸ್‌ಫರ್ಡಿನಲ್ಲಿ ನೆಲೆಸಿದ ಮೇಲೆ, ಬರೀ ಮುಲ್ಲರ್ ಅಂದರೆ ಯಾವ ಮುಲ್ಲರ್ ಅಂತ ಗೊತ್ತಾಗದು ಎಂದು, ಅವರು ಮ್ಯಾಕ್ಸ್ ಅನ್ನು ಮನೆತನದ ಹೆಸರಿಗೇ ಜೋಡಿಸಿಕೊಂಡರು. ಹಾಗಾಗಿ 'ಮ್ಯಾಕ್ಸ್ ಮುಲ್ಲರ್' ಇಡೀ ಅವರ ಸರ್‌ನೇಮ್.

ಅವರ ದೊಡ್ಡ ಕೆಲಸ ಋಗ್ವೇದವನ್ನು ಸಾಯಣರ ಭಾಷ್ಯದ ಜತೆಗೆ ಅಚ್ಚು ಹಾಕಿಸಿದ್ದು. ಆರು ಸಂಪುಟ, 1849ರಿಂದ 1874ರವರೆಗೆ. ಸಾಯಣರು 14ನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಇದ್ದವರು. ತುಂಗಭದ್ರೆಯ ದಡದ ರಾಜ್ಯದಲ್ಲಿ ಬರೆದದ್ದು, ಐನೂರು ವರ್ಷದ ಮೇಲೆ ಒಬ್ಬ ಮುಲ್ಲರ್ ಕೈಯಲ್ಲಿ ಅಚ್ಚಾಯಿತು. ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. 1900ರಲ್ಲಿ ತೀರಿಕೊಂಡರು.

ಹೆಸರಿಗೆ ಹೀಗೆ ಬಾಲಂಗೋಚಿ ಕಟ್ಟಿಕೊಂಡವರು ಅವರೊಬ್ಬರೇ ಅಲ್ಲ. ಸ್ವಿಟ್ಜರ್ಲೆಂಡಿನ ತುರ್ಗೌ ಸೀಮೆಯ ಹೆರ್ಮನ್ ಮುಲ್ಲರ್ 1882ರಲ್ಲಿ ಜರ್ಮನಿಯ ಗೈಸೆನ್‌ಹೈಮ್‌ನಲ್ಲಿ ಒಂದು ಹೊಸ ದ್ರಾಕ್ಷಿ ತಳಿ ಮಾಡಿದರು. ಬೇರೆ ಮುಲ್ಲರ್‌ಗಳಿಂದ ಗುರುತು ಬೇರೆ ಇರಲಿ ಎಂದು ತಮ್ಮ ಸೀಮೆಯ ಹೆಸರು ಸೇರಿಸಿಕೊಂಡಿದ್ದರು, ಮುಲ್ಲರ್-ತುರ್ಗೌ. ಇವತ್ತು ಆ ದ್ರಾಕ್ಷಿಗೂ ವೈನಿಗೂ ಅದೇ ಹೆಸರು. ಅವರಿಗೂ 400 ವರ್ಷ ಮುಂಚೆ, 1436ರಲ್ಲಿ ಕ್ಯೋನಿಗ್ಸ್‌ಬರ್ಗ್ ಎಂಬಲ್ಲಿ ಹುಟ್ಟಿದ ಖಗೋಳ ಪಂಡಿತ ಯೊಹಾನೆಸ್ ಮುಲ್ಲರ್ ಇದ್ದರು. ಅವರನ್ನು ಜಗತ್ತು ಕರೆಯುವುದು ರೆಗಿಯೊಮೊಂಟಾನುಸ್ ಅಂತ. ಊರಿನ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿದ ರೂಪ ಅದು. ಈಗಿನ ಜರ್ಮನ್ ಸಂಸತ್ತಿನಲ್ಲೂ ಒಂದೇ ಸರ್‌ನೇಮ್‌ನವರು ಇಬ್ಬರಿದ್ದರೆ ಕಂಸದಲ್ಲಿ ಊರು ಹಾಕುತ್ತಾರೆ. 'ಮುಲ್ಲರ್ (ಬ್ರೌನ್‌ಶ್ವೈಗ್)', 'ಮುಲ್ಲರ್ (ಎರ್ಲಾಂಗೆನ್)' ಅಂತ ಹಿಂದಿನ ವರ್ಷಗಳ ಕಡತಗಳಲ್ಲಿ ಕಾಣುತ್ತದೆ. ಗುರುತಿಗಾಗಿ ಹುಟ್ಟಿದ ಹೆಸರಿಗೆ ಈಗ ಇನ್ನೊಂದು ಗುರುತು ಬೇಕಾಗಿದೆ. ಜರ್ಮನಿಯಲ್ಲಿ ಹೆಸರು ಬದಲಾಯಿಸುವುದು ಸುಲಭವಲ್ಲ, ಬಲವಾದ ಕಾರಣ ಕೇಳುತ್ತಾರೆ. ಮುಲ್ಲರ್, ಷ್ಮಿಟ್, ಮೈಯರ್ ಥರದ ಅತಿ ಸಾಮಾನ್ಯ ಹೆಸರಿನಿಂದ ಗೊಂದಲವಾಗುತ್ತಿದೆ ಅನ್ನುವುದನ್ನು ಅಂಥ ಒಂದು ಕಾರಣ ಅಂತ ಸರ್ಕಾರವೇ ಒಪ್ಪುತ್ತದೆ.

ನಿಮ್ಮ ಅಣ್ಣನಿಗೆ ಒಂದು ವಿಷಯ ಹೇಳಿ. ಗೆರ್ಡ್ ಮುಲ್ಲರ್ ಮತ್ತು ಥಾಮಸ್ ಮುಲ್ಲರ್ ಇಬ್ಬರೂ ಬಯರ್ನ್ ಮ್ಯೂನಿಕ್ ಆಟಗಾರರಾಗಿದ್ದವರು, ಇಬ್ಬರೂ ವಿಶ್ವಕಪ್‌ನಲ್ಲಿ 13ನೇ ನಂಬರ್ ಅಂಗಿ ತೊಟ್ಟವರು, ಇಬ್ಬರೂ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲಿನ ಗೌರವ ಪಡೆದವರು. ಗೆರ್ಡ್ 1970ರಲ್ಲಿ 10 ಗೋಲು, ಥಾಮಸ್ 2010ರಲ್ಲಿ 5 ಗೋಲು. ರಕ್ತ ಸಂಬಂಧ ಏನೂ ಇಲ್ಲ. ಸಾಹಿತ್ಯಕ್ಕೆ 2009ರಲ್ಲಿ ನೊಬೆಲ್ ಪಡೆದ ಹೆರ್ಟಾ ಮುಲ್ಲರ್ ಹುಟ್ಟಿದ್ದು ರುಮೇನಿಯಾದ ಒಂದು ಜರ್ಮನ್ ಹಳ್ಳಿಯಲ್ಲಿ. ಡಿಡಿಟಿಯ ಕೀಟನಾಶಕ ಗುಣ ಕಂಡುಹಿಡಿದು 1948ರಲ್ಲಿ ನೊಬೆಲ್ ಪಡೆದ ಪೌಲ್ ಮುಲ್ಲರ್ ಸ್ವಿಸ್. ಅಮೆರಿಕಕ್ಕೆ ಹೋದವರು ಅನೇಕರು ಮಿಲ್ಲರ್ ಆದರು. 1855ರಲ್ಲಿ ಮಿಲ್ವಾಕಿಯಲ್ಲಿ ಬಿಯರ್ ಕಂಪನಿ ಶುರು ಮಾಡಿದ ಫ್ರೆಡರಿಕ್ ಮಿಲ್ಲರ್ ಹುಟ್ಟಿದಾಗ ಮುಲ್ಲರ್ ಆಗಿದ್ದವರೇ.

ನಿಮ್ಮ ಫಾದರ್ ಮುಲ್ಲರ್, ಅಂದರೆ ಅಗಸ್ಟಸ್ ಮುಲ್ಲರ್, ಜರ್ಮನ್ ಮೂಲದ ಯೇಸು ಸಭೆಯ ಪಾದ್ರಿ. 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು. ಆಮೇಲೆ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಆ ಕಾಲಕ್ಕೆ ಅವರನ್ನು ಮುಟ್ಟುವವರೇ ಕಡಿಮೆ. ಮಂಗಳೂರಿನಲ್ಲಿ ಈ ಹೆಸರು ಕೇಳಿದರೆ ಯಾರಿಗೂ ಗಿರಣಿ ನೆನಪಾಗುವುದಿಲ್ಲ. ಆಸ್ಪತ್ರೆ ನೆನಪಾಗುತ್ತದೆ, ಹೋಮಿಯೋಪಥಿ ಗುಳಿಗೆ ನೆನಪಾಗುತ್ತದೆ. ಹೆಸರು ಹೊತ್ತವರು ಹೆಸರಿಗೆ ಬೇರೆಯೇ ಅರ್ಥ ಕೊಟ್ಟುಬಿಟ್ಟರು.

ಜರ್ಮನಿಯಲ್ಲೂ ಗಿರಣಿಯ ಅರ್ಥ ಮಸುಕಾಗಿದೆ, ಯಾಕೆಂದರೆ ಗಿರಣಿಗಳೇ ಉಳಿದಿಲ್ಲ. ದೊಡ್ಡ ಕಾರ್ಖಾನೆಗಳು ಬಂದ ಮೇಲೆ ಸಣ್ಣವು ನಡೆಯಲಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿ ಒಂದು ಕಾನೂನು ಮಾಡಿ, ಗಿರಣಿ ಮುಚ್ಚುವವರಿಗೆ ದುಡ್ಡು ಕೊಟ್ಟಿತು. ಸಾವಿರಾರು ಚಕ್ರಗಳು ನಿಂತವು. ಬ್ರೌನ್‌ಶ್ವೈಗ್‌ನಲ್ಲಿ ಈಗಲೂ ಗಿರಣಿ ಕೆಲಸ ಕಲಿಸುವ ಶಾಲೆ ಇದೆ. ಆದರೆ ಆ ಕಸುಬಿನ ಸರ್ಕಾರಿ ಹೆಸರಿನಲ್ಲಿ 2017ರಿಂದ ಮುಲ್ಲರ್ ಅನ್ನುವ ಮಾತೇ ಇಲ್ಲ, ಉದ್ದನೆಯ ತಾಂತ್ರಿಕ ಹೆಸರು ಬಂದಿದೆ. ಕಸುಬು ತನ್ನ ಹೆಸರು ಬಿಟ್ಟುಕೊಟ್ಟಿತು. ಲಕ್ಷಾಂತರ ಮನೆಗಳ ಬಾಗಿಲ ಮೇಲೆ ಅದು ಹಾಗೇ ಇದೆ.

ಇನ್ನು ಸ್ಪೆಲಿಂಗ್. ಈ ಹೆಸರಿನಲ್ಲಿ 'ಯು' ಅಕ್ಷರದ ತಲೆ ಮೇಲೆ ಎರಡು ಚುಕ್ಕಿ ಇರುತ್ತವೆ. ಹಿಂದೆ ಅಲ್ಲಿ ಪುಟ್ಟದಾಗಿ 'ಇ' ಅಕ್ಷರ ಬರೆಯುತ್ತಿದ್ದರು, ಬರೆದು ಬರೆದು ಅದು ಎರಡು ಚುಕ್ಕಿ ಆಯಿತು. ಆ ಸ್ವರ ಕನ್ನಡದಲ್ಲಿ ಇಲ್ಲ. 'ಈ' ಅನ್ನಲು ಬಾಯಿ ಸಿದ್ಧ ಮಾಡಿ, ನಾಲಿಗೆ ಅಲ್ಲೇ ಇರಲಿ, ತುಟಿ ಮಾತ್ರ 'ಊ' ಅನ್ನುವ ಹಾಗೆ ದುಂಡಗೆ ಮಾಡಿ. ಬರುವ ದನಿಯನ್ನು ಚಿಕ್ಕದಾಗಿ ಹೇಳಿ. ನಾಲ್ಕು ದಿನ ಅಭ್ಯಾಸ ಮಾಡಿದರೆ ಬರುತ್ತದೆ, ನಿಮ್ಮ ಸಹೋದ್ಯೋಗಿಗಳಿಗೆ ಬಹಳ ಸಂತೋಷವಾಗುತ್ತದೆ. ಕೊನೆಯ 'ರ್' ಹೆಚ್ಚು ಕಡಿಮೆ 'ಅ' ಆಗಿ ಕರಗುತ್ತದೆ.

ಚುಕ್ಕಿ ಹಾಕಲು ಆಗದ ಕಡೆ ಜರ್ಮನರು 'ಯು' ಪಕ್ಕ 'ಇ' ಬರೆಯುತ್ತಾರೆ. ಬೇರೆ ದೇಶದವರು ಎಷ್ಟೋ ಸಲ ಚುಕ್ಕಿ ತೆಗೆದು ಬರೀ 'ಯು' ಉಳಿಸುತ್ತಾರೆ. ನಮ್ಮ ರಾಜ್ಯದಲ್ಲೇ ಎರಡೂ ಇವೆ ನೋಡಿ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದ ಬೋರ್ಡಿನಲ್ಲಿ 'ಇ' ಇದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಬೋರ್ಡಿನಲ್ಲಿ ಇಲ್ಲ. ಹೆಸರು ಒಂದೇ. ಆದರೆ ಟಿಕೆಟ್ ವಿಷಯದಲ್ಲಿ ಹೀಗೆ ಎರಡಕ್ಕೂ ಜಾಗ ಇಲ್ಲ. ಅವರ ಪಾಸ್‌ಪೋರ್ಟಿನ ಫೋಟೋ ಪುಟದಲ್ಲಿ ಮೇಲೆ ಚುಕ್ಕಿ ಇರುವ ಹೆಸರು ಇರುತ್ತದೆ. ಪುಟದ ತಳದಲ್ಲಿ ಯಂತ್ರ ಓದುವ ಎರಡು ಸಾಲು ಇರುತ್ತವೆ, ಅಲ್ಲಿ 'ಇ' ಸೇರಿಸಿದ ರೂಪ ಇರುತ್ತದೆ. ಟಿಕೆಟ್‌ಗೆ, ವೀಸಾ ಅರ್ಜಿಗೆ, ಹೋಟೆಲಿಗೆ ಆ ತಳದ ಸಾಲಿನಲ್ಲಿ ಇರುವ ಹಾಗೇ ತುಂಬಿಸಿ. ತಂಡದಲ್ಲಿ ಇಬ್ಬರು ಮುಲ್ಲರ್ ಇರುವುದರಿಂದ ಮೊದಲ ಹೆಸರನ್ನು ಚಿಕ್ಕದು ಮಾಡಬೇಡಿ, ಪಾಸ್‌ಪೋರ್ಟಿನಲ್ಲಿ ಇದ್ದಷ್ಟನ್ನೂ ಬರೆಯಿರಿ.